ಬಸ್‌ಸ್ಟ್ಯಾಂಡಿನಲ್ಲಿ ನಾನು ಸ್ವಾಗತಿಸಿದ ತೆರಿಗೆ

ಅಭಿಪ್ರಾಯ ಕೇಳಿದರೆ ಇಲ್ಲ ಎನ್ನಲಾರದ ದೌರ್ಬಲ್ಯ ನನ್ನದು. ಮದುವೆಗೆ ಉಟ್ಟುಕೊಳ್ಳಲು ಸೀರೆ ಕೇಳಿದವರಿಗೆ, ಭಾನುವಾರವೂ ಒಂದು ಗಳಿಗೆ ಸ್ಕೂಲಿಗೆ ಬಂದು ಹೋಗಿ ಎಂದ ಹೆಡ್‌ಮಾಸ್ಟರಿಗೆ, ನಯವಾಗಿಯೇ ಆಗುವುದಿಲ್ಲ ಎಂದು ಹೇಳಿದ್ದೇನೆ. ಆದರೆ ಯಾರಾದರೂ 'ಈ ವಿಷಯದಲ್ಲಿ ನಿಮಗೇನನ್ನಿಸುತ್ತೆ' ಎಂದರೆ ಮುಗಿಯಿತು, ಆ ವಿಷಯ ನನಗೆ ಗೊತ್ತೋ ಇಲ್ಲವೋ ಎಂಬ ಯೋಚನೆ ಬರುವ ಮೊದಲೇ ಬಾಯಿ ತೆರೆದಿರುತ್ತದೆ. ಎದುರುಮನೆಯವರು ಗೇಟಿಗೆ ಯಾವ ಬಣ್ಣ ಹೊಡೆಸಬೇಕು, ಪಕ್ಕದ ಬೀದಿಯ ಹುಡುಗಿ ಯಾವ ಕೋರ್ಸಿಗೆ ಸೇರಬೇಕು, ಎಲ್ಲಕ್ಕೂ ನನ್ನ ಬಳಿ ಅಭಿಪ್ರಾಯವಿದೆ. ಇದಕ್ಕೆ ನನ್ನ ಕೆಲಸವೇ ಕಾರಣ ಎಂದು ನನ್ನ ಗಂಡನ ವಾದ. ಕುಣಿಗಲ್ಲಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸಮಾಜವಿಜ್ಞಾನ ಹೇಳಿಕೊಡುತ್ತಿದ್ದೇನೆ. ನಾನು ಹೇಳಿದ್ದನ್ನೆಲ್ಲ ಮಕ್ಕಳು ತಲೆಬಗ್ಗಿಸಿ ಬರೆದುಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷ ಹಾಗೆ ಬರೆದುಕೊಳ್ಳುವವರ ಮುಂದೆ ನಿಂತರೆ, ಊರಿಗೆ ಊರೇ ನೋಟ್‌ಬುಕ್ ಬಿಚ್ಚಿ ಕೂತಿದೆ ಎಂಬ ಭ್ರಮೆ ಯಾರಿಗಾದರೂ ಹುಟ್ಟುತ್ತದೆ.

ನಮ್ಮ ಮನೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ದಿನಾ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋಗಿ ಕುಣಿಗಲ್ ಬಸ್ಸು ಹಿಡಿಯುತ್ತೇನೆ. ಅವತ್ತೂ ಹಾಗೇ ಊಟದ ಡಬ್ಬಿಯ ಚೀಲ, ಎಂಟನೇ ಕ್ಲಾಸಿನ ಉತ್ತರಪತ್ರಿಕೆಯ ಕಟ್ಟು ಹಿಡಿದುಕೊಂಡು ನಿಂತಿದ್ದೆ. ಕೈಯಲ್ಲಿ ಮೈಕ್ ಹಿಡಿದ ಒಬ್ಬಳು ಹುಡುಗಿ, ಹೆಗಲ ಮೇಲೆ ಕ್ಯಾಮೆರಾ ಹೊತ್ತ ಒಬ್ಬ, ಜನರ ನಡುವೆ ಸುತ್ತುತ್ತಿದ್ದರು. ಹಿಂದಿನ ದಿನ ವಿಧಾನಸಭೆಯಲ್ಲಿ ಬಜೆಟ್ಟಿನ ಜೊತೆ ಒಂದು ತೆರಿಗೆ ಮಸೂದೆ ಪಾಸಾಗಿತ್ತು. ಅದರ ಮೇಲೆ ವಾರದಿಂದ ಗಲಾಟೆ. ಒಂದು ಪಕ್ಷದವರು ಇದಿಲ್ಲದೆ ರಾಜ್ಯ ನಡೆಯುವುದಿಲ್ಲ ಎಂದರೆ, ಇನ್ನೊಂದು ಪಕ್ಷದವರು ಇದರಿಂದ ರಾಜ್ಯವೇ ಉಳಿಯುವುದಿಲ್ಲ ಎನ್ನುತ್ತಿದ್ದರು. ಮತಕ್ಕೆ ಹಾಕಿದ್ದನ್ನು ನಾನು ಅವತ್ತು ಬೆಳಿಗ್ಗೆ ದೋಸೆ ಹಾಕುತ್ತಾ ಟಿವಿಯಲ್ಲಿ ನೋಡಿದ್ದೆ. ಕೆಲವರು ಫಲಕ ಹಿಡಿದು ಕೂಗುತ್ತಿದ್ದರು. ಆ ಕೂಗಿನ ನಡುವೆಯೇ ಪರವಾಗಿರುವವರು ಹೌದು ಎನ್ನಿ ಎಂದರು, ಒಂದಷ್ಟು ಜನ ಹೌದು ಎಂದರು, ವಿರೋಧವಿರುವವರು ಇಲ್ಲ ಎನ್ನಿ ಎಂದರು, ಅವರು ಅಷ್ಟರಲ್ಲಿ ಎದ್ದು ಹೊರಗೆ ಹೊರಟಿದ್ದರು. ಹೆಂಚಿನ ಮೇಲಿನ ದೋಸೆ ಮಗುಚುವುದರೊಳಗೆ ಮಸೂದೆ ಪಾಸಾಗಿತ್ತು. ಅದರಲ್ಲಿ ಏನಿದೆ ಎಂದು ಟಿವಿಯವರು ಹೇಳುವ ಹೊತ್ತಿಗೆ ನಾನು ಚಟ್ನಿಗೆ ಮಿಕ್ಸಿ ಹಾಕಿದ್ದೆ.

ಮೈಕಿನ ಹುಡುಗಿ ಮೊದಲು ಒಬ್ಬ ಹೂವಿನವಳನ್ನು ಕೇಳಿದಳು. ಅವಳು "ನಂಗೇನ್ ಗೊತ್ತವ್ವ, ಗೊತ್ತಿರೋರ್ನ ಕೇಳು" ಎಂದು ಮೊಗ್ಗು ಕಟ್ಟುವುದನ್ನು ಮುಂದುವರಿಸಿದಳು. ಆ ಹೊತ್ತಿನಲ್ಲಿ ಇಡೀ ಬಸ್‌ಸ್ಟ್ಯಾಂಡಿನಲ್ಲಿ ಅತ್ಯಂತ ವಿವೇಕದ ಮಾತು ಅದಾಗಿತ್ತು ಎಂದು ನನಗೆ ಈಗ ತಿಳಿಯುತ್ತದೆ. ಆಗ ತಿಳಿಯಲಿಲ್ಲ. ಗೊತ್ತಿರುವವಳು ಎಂಬ ಮುಖ ಮಾಡಿಕೊಂಡು ಒಂದು ಹೆಜ್ಜೆ ಮುಂದೆ ನಿಂತೆ. ಹುಡುಗಿ ನನ್ನ ಕಡೆ ತಿರುಗಿದಳು.

"ಮೇಡಂ, ನಿನ್ನೆ ಶಾಸಕರು ಟ್ಯಾಕ್ಸ್ ಬಿಲ್ ಪಾಸ್ ಮಾಡಿದಾರಲ್ಲ, ಸಾರ್ವಜನಿಕರಾಗಿ ನೀವೇನಂತೀರಾ?"

ಬಸ್ಸು ಬರುವವರೆಗೆ, ಅಂದರೆ ಸುಮಾರು ನಾಲ್ಕು ನಿಮಿಷ, ನಾನು ಮಾತಾಡಿದೆ. ಧನ ಮಸೂದೆ ಎಂದರೇನು, ಅದು ಮೊದಲು ಕೆಳಮನೆಗೇ ಏಕೆ ಬರಬೇಕು, ಮೇಲ್ಮನೆಯವರು ಅದನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು, ಧ್ವನಿಮತಕ್ಕೂ ತಲೆಯೆಣಿಕೆಗೂ ಏನು ವ್ಯತ್ಯಾಸ, ಎಲ್ಲ ಹೇಳಿದೆ. ಕ್ಯಾಮೆರಾದವನು ನಡುವೆ ಹೆಗಲು ಬದಲಾಯಿಸಿದ. ಕೊನೆಗೆ ತೂಕದ ಮಾತೊಂದು ಇರಲಿ ಎಂದು, "ಸರ್ಕಾರ ನಡೀಬೇಕು ಅಂದ್ರೆ ತೆರಿಗೆ ಬೇಕೇ ಬೇಕು, ಎಲ್ರೂ ಸಂತೋಷವಾಗಿ ಕಟ್ಬೇಕು. ಆದ್ರೆ ಯಾರ ಮೇಲೆ ಹಾಕ್ತೀವಿ ಅನ್ನೋದನ್ನ ಯೋಚಿಸ್ಬೇಕು" ಎಂದು ಮುಗಿಸಿ ಬಸ್ಸು ಹತ್ತಿದೆ. ಕುಣಿಗಲ್ ತಲುಪುವವರೆಗೂ ನನ್ನ ಮಾತು ನನಗೇ ಇಷ್ಟವಾಗುತ್ತಿತ್ತು.

ಸಂಜೆ ಟಿವಿಯಲ್ಲಿ ನಾನು ಬಂದೆ. ನಾಲ್ಕು ನಿಮಿಷವಲ್ಲ, ಒಂದು ಉಸಿರಿನಷ್ಟು. "ತೆರಿಗೆ ಬೇಕೇ ಬೇಕು, ಎಲ್ರೂ ಸಂತೋಷವಾಗಿ ಕಟ್ಬೇಕು." ಅಷ್ಟಕ್ಕೇ ನಿಲ್ಲಿಸಿ ಮುಂದಿನವರಿಗೆ ಹೋಗಿಬಿಟ್ಟರು. ಕೆಳಗೆ ಅಕ್ಷರ ಹಾಕಿದ್ದರು: ತೆರಿಗೆ ಏರಿಕೆ ಸ್ವಾಗತಿಸಿದ ಗೃಹಿಣಿ. ನಿಜ ಹೇಳುವುದಾದರೆ, ಮಾತು ಕತ್ತರಿಸಿದ್ದಕ್ಕಿಂತ ಗೃಹಿಣಿ ಎಂದದ್ದೇ ಆಗ ನನಗೆ ಹೆಚ್ಚು ಚುಚ್ಚಿತು. ಇಪ್ಪತ್ತೆರಡು ವರ್ಷದ ಸರ್ವೀಸು ಎಲ್ಲಿ ಹೋಯಿತು ಎಂದು ಗಂಡನನ್ನು ಕೇಳಿದೆ. ಅವರು ಸಹಕಾರ ಸಂಘವೊಂದರಲ್ಲಿ ಗುಮಾಸ್ತರು, ಯಾವುದಕ್ಕೂ ಗಾಬರಿಯಾಗುವವರಲ್ಲ. "ಕೈಯಲ್ಲಿ ಊಟದ ಡಬ್ಬಿ ಚೀಲ ಇತ್ತಲ್ಲೇ, ಅದನ್ನ ನೋಡಿ ಬರೆದಿರ್ತಾರೆ" ಎಂದು ಮಜ್ಜಿಗೆ ಬಡಿಸಿಕೊಂಡರು.

ಮರುದಿನ ಸ್ಟಾಫ್‌ರೂಮಿನಲ್ಲಿ ನನ್ನ ಆ ಒಂದು ಉಸಿರು ಎಲ್ಲರ ಫೋನಿನಲ್ಲೂ ಇತ್ತು. ಹೆಡ್‌ಮಾಸ್ಟರು, "ಮೇಡಂ ಸಂತೋಷವಾಗಿ ಕಟ್ತಾರಂತೆ, ನಮ್ಮದೂ ಸೇರಿಸಿ ಕಟ್ಟಲಿ ಬಿಡಿ" ಎಂದರು. ನಾನು 'ಆದ್ರೆ' ಅಂತ ಒಂದು ಮಾತು ಹೇಳಿದ್ದೆ, ಅದನ್ನು ಕತ್ತರಿಸಿದ್ದಾರೆ ಎಂದು ಒಬ್ಬೊಬ್ಬರಿಗೂ ವಿವರಿಸಿದೆ. ನನ್ನ ವಿವರಣೆಯನ್ನು ಯಾರೂ ವಿಡಿಯೊ ಮಾಡಿಕೊಳ್ಳಲಿಲ್ಲ. ಇದೆಲ್ಲ ಒಂದು ವಾರದ ತಮಾಷೆ, ಆಮೇಲೆ ಜನ ಮರೆಯುತ್ತಾರೆ ಎಂದುಕೊಂಡಿದ್ದೆ. ಗುಬ್ಬಿಯಿಂದ ನನ್ನ ತಮ್ಮನ ಫೋನು ಬರುವುದು ನಿಂತಾಗ ಮಾತ್ರ ಇದು ತಮಾಷೆಯಲ್ಲ ಎನ್ನಿಸಿತು.

ತಮ್ಮ ಮಂಜುನಾಥ ಗುಬ್ಬಿಯಲ್ಲಿ ಲಗೇಜ್ ಆಟೊ ಓಡಿಸುತ್ತಾನೆ. ತೆಂಗಿನಕಾಯಿ, ಸಿಮೆಂಟು, ಮನೆ ಖಾಲಿ ಮಾಡುವವರ ಸಾಮಾನು, ಯಾವುದಿದ್ದರೂ ಸೈ. ದಿನಕ್ಕೊಂದು ಸಲ ಫೋನ್ ಮಾಡಿ, ಊಟ ಆಯ್ತಾ ಎಂದು ಕೇಳಿ, ನಾನು ಉತ್ತರ ಹೇಳುವುದರೊಳಗೆ ಬಾಡಿಗೆ ಬಂತು ಎಂದು ಇಡುವುದು ಅವನ ಅಭ್ಯಾಸ. ನಾಲ್ಕು ದಿನ ಫೋನಿಲ್ಲ. ನಾನೇ ಮಾಡಿದರೆ ಎತ್ತಲಿಲ್ಲ. ಅವನ ಹೆಂಡತಿ ಸುಜಾತಳ ಫೋನಿಗೆ ಮಾಡಿದೆ, ಅವಳು ಎತ್ತಿದಳು. "ಅವ್ರು ಟಿವಿ ನೋಡ್ದಾಗಿಂದ ಒಂಥರಾ ಅವ್ರೆ ಅಕ್ಕ. ಹೊಸ ಟ್ಯಾಕ್ಸು ಲಗೇಜ್ ಗಾಡಿಗಳ ಮೇಲೇ ಅಂತೆ. ಸ್ಟ್ಯಾಂಡಲ್ಲಿ ಎಲ್ರೂ ಆಡ್ಕಳ್ತಾವ್ರೆ" ಎಂದಳು. ಆ ಮಸೂದೆ ಸಣ್ಣ ಸರಕು ಗಾಡಿಗಳ ಮೇಲೆ ತೆರಿಗೆ ಏರಿಸುವಂಥದ್ದು ಎಂದು ನನಗೆ ಮೊದಲ ಸಲ ಗೊತ್ತಾದದ್ದು ಹೀಗೆ.

ಭಾನುವಾರ ಬೆಳಿಗ್ಗೆ ಗುಬ್ಬಿಗೆ ಹೋದೆ. ಮಾರ್ಕೆಟ್ ಹತ್ತಿರದ ಲಗೇಜ್ ಆಟೊ ಸ್ಟ್ಯಾಂಡಿನಲ್ಲಿ ಹತ್ತು ಹದಿನೈದು ಡ್ರೈವರುಗಳು ಒಂದು ಗಾಡಿಯ ಸುತ್ತ ನಿಂತಿದ್ದರು. ಗಾಡಿಯ ಹಿಂಭಾಗವನ್ನೇ ಮೇಜು ಮಾಡಿಕೊಂಡು ಅರ್ಜಿಯೊಂದಕ್ಕೆ ಸಹಿ ಹಾಕುತ್ತಿದ್ದರು. ಎಲ್ಲರಿಗಿಂತ ಹಿರಿಯರಾದ ರಾಜಣ್ಣ ಎನ್ನುವವರು ನನ್ನನ್ನು ಗುರುತಿಸಿ, "ಬನ್ನಿ ಟೀಚರಮ್ಮ, ನೀವು ಟ್ಯಾಕ್ಸ್‌ನ ಸ್ವಾಗತ ಮಾಡುದ್ರಿ, ನಾವು ನಿಮ್ಮನ್ನ ಮಾಡ್ತೀವಿ" ಎಂದು ಒಂದು ಸ್ಟೂಲು ಸರಿಸಿದರು. ಮಂಜ ನನ್ನ ಕಡೆ ನೋಡದೆ ಗಾಡಿಯ ಗಾಜು ಒರೆಸುತ್ತಿದ್ದ. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದ.

ನಾನು ಅವನ ಹತ್ತಿರ ಹೋಗಿ, "ನಾನು ಹೇಳಿದ್ದು ಅಷ್ಟೇ ಅಲ್ಲ ಕಣೋ, ಅವ್ರು ಕಟ್ ಮಾಡಿದಾರೆ" ಎಂದೆ.

"ಪೂರ್ತಿ ಏನ್ ಹೇಳ್ದೆ, ಹೇಳು" ಎಂದ.

ಹೇಳಿದೆ. ಧನ ಮಸೂದೆಯಿಂದ ಹಿಡಿದು ಯಾರ ಮೇಲೆ ಹಾಕ್ತೀವಿ ಅನ್ನೋದನ್ನ ಯೋಚಿಸ್ಬೇಕು ಎನ್ನುವವರೆಗೆ ಪೂರ್ತಿ ಹೇಳಿದೆ. ಡ್ರೈವರುಗಳೂ ಕೇಳಿದರು. ಮಂಜ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡ. ಮೆಲ್ಲಗೆ, "ಇದ್ರಲ್ಲಿ ನಮ್ ಸುದ್ದಿ ಎಲ್ಲೈತಕ್ಕ?" ಎಂದ. ಆಮೇಲೆ, "ಹಾಕ್ತೀವಿ ಅಂತೀಯ. ನೀನ್ ಯಾವಾಗ ಎಮ್ಮೆಲ್ಲೆ ಆದೆ?" ಎಂದು ಕೇಳಿದ.

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಅಲ್ಲಿಯವರೆಗೆ ನಾನು ಟಿವಿಯವರ ಕತ್ತರಿಯನ್ನೇ ಬೈದುಕೊಂಡು ಓಡಾಡುತ್ತಿದ್ದೆ. ಕತ್ತರಿ ಹಾಕದಿದ್ದರೂ ನನ್ನ ನಾಲ್ಕು ನಿಮಿಷದಲ್ಲಿ ನನ್ನ ತಮ್ಮ ಇರಲಿಲ್ಲ, ಅವನ ಗಾಡಿ ಇರಲಿಲ್ಲ, ಹಿಂದಿನ ದಿನ ಪಾಸಾದ ಮಸೂದೆಯೇ ಇರಲಿಲ್ಲ. ಪಠ್ಯಪುಸ್ತಕದ ಒಂದು ಪಾಠ ಮಾತ್ರ ಇತ್ತು. ಮುಖ ಉಳಿಸಿಕೊಳ್ಳಲು, ಅರ್ಜಿಯಲ್ಲಿ ಏನು ಬರೆದಿದ್ದೀರಿ ನೋಡೋಣ ಎಂದೆ. ಕರಾಳ ಮಸೂದೆಯನ್ನು ಕೂಡಲೇ ವಾಪಸ್ ಪಡೆಯಬೇಕು ಎಂದಿತ್ತು. ಮಸೂದೆಯಲ್ಲಿ ಏನಿದೆ ಎಂದು ಯಾರಾದರೂ ಓದಿದ್ದೀರಾ ಎಂದು ಕೇಳಿದೆ. ರಾಜಣ್ಣ, "ಓದ್ಬುಟ್ರೆ ಕ್ವಾಪ ಕಮ್ಮಿ ಆಯ್ತದೆ ಟೀಚರಮ್ಮ" ಎಂದರು. "ನಾನು ಓದ್ಕೊಂಡು ಬರ್ತೀನಿ, ಮುಂದಿನ ಭಾನುವಾರದವರೆಗೆ ಅರ್ಜಿ ಕಳಿಸಬೇಡಿ" ಎಂದು ಹೇಳಿ ಬಂದೆ. ಮಂಜ ಬಸ್‌ಸ್ಟ್ಯಾಂಡಿನವರೆಗೆ ಗಾಡಿಯಲ್ಲಿ ಬಿಟ್ಟು, ಹಾಗೇ ತಿರುಗಿಸಿಕೊಂಡು ಹೋದ.

ಮಸೂದೆ ಓದುವುದು ಸುಲಭ ಎಂದುಕೊಂಡಿದ್ದೆ. ಮಸೂದೆ ಹೇಗೆ ಕಾಯಿದೆಯಾಗುತ್ತದೆ ಎಂದು ಇಪ್ಪತ್ತೆರಡು ವರ್ಷ ಪಾಠ ಮಾಡಿದ ನಾನು ಒಂದೇ ಒಂದು ಮಸೂದೆಯನ್ನೂ ಕಣ್ಣಿಂದ ನೋಡಿರಲಿಲ್ಲ. ಅಡುಗೆ ಪುಸ್ತಕ ಬರೆದು ಒಲೆ ಹಚ್ಚದವಳ ಹಾಗೆ ಆಯಿತು ನನ್ನ ಕತೆ. ಸ್ಕೂಲಿನ ಕಂಪ್ಯೂಟರಿನಿಂದ ಪ್ರಿಂಟ್ ತೆಗೆದುಕೊಂಡು ಬಂದು ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಹರಡಿ ಕೂತೆ. ಅದು ಕನ್ನಡದಲ್ಲೇ ಇತ್ತು. ಒಂದೊಂದು ಪದವೂ ಕನ್ನಡವೇ. ಆದರೆ ಒಟ್ಟಿಗೆ ಸೇರಿದಾಗ ಅವು ನನ್ನನ್ನು ಗುರುತಿಸದವರ ಹಾಗೆ ಹಾದುಹೋಗುತ್ತಿದ್ದವು. ಒಂದು ವಾಕ್ಯ ಮುಗಿಯುವುದರೊಳಗೆ ಎರಡು ಸಲ ಕಾಫಿ ಆಯಿತು. ಈ ಪ್ರಕರಣದ ಆ ಉಪಪ್ರಕರಣದಲ್ಲಿ ಇರುವ ಪದಗಳ ಬದಲಿಗೆ ಈ ಪದಗಳನ್ನು ಇಡತಕ್ಕದ್ದು ಎಂದಿರುತ್ತದೆ. ತೆಗೆದ ಪದ ಏನಿತ್ತು ಎಂದು ತಿಳಿಯಲು ಹಳೆಯ ಕಾಯಿದೆ ಹುಡುಕಬೇಕು, ಅದರಲ್ಲಿ ನೋಡಿದರೆ ಅದೂ ಇನ್ಯಾವುದರ ಬದಲಿಗೋ ಬಂದದ್ದು. ಪುಟಕ್ಕೆ ನಾಲ್ಕು ಸಲ 'ಪರಂತು' ಎಂದಿತ್ತು.

ಎದುರಿಗೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಗಂಡ, "ಪರಂತು ಅಂದ್ರೇನೇ?" ಎಂದು ಕೇಳಿದರು.

"ಆದ್ರೆ ಅಂತ."

"ನೀನೂ ಅದನ್ನೇ ಅಲ್ವಾ ಹೇಳಿದ್ದು, ಟಿವಿನೋರು ಕಟ್ ಮಾಡಿದ್ದು? ಪರಂತು ಅಂದಿದ್ರೆ ಏನೋ ಮುಖ್ಯವಾದ್ದು ಅಂತ ಬಿಟ್ಟಿರೋರು."

ಸಂಜೆಯ ಹೊತ್ತಿಗೆ ಅಂಥ ಒಂದು ಪರಂತುವಿನ ಕೆಳಗೆ ನನಗೆ ಬೇಕಾದದ್ದು ಸಿಕ್ಕಿತು. ಮೂರು ಸಲ ಓದಿದೆ, ಗಂಡನ ಕೈಯಲ್ಲೂ ಓದಿಸಿದೆ. ಈ ಕಾಯಿದೆ ಜಾರಿಗೆ ಬರುವ ಮುಂಚೆ ನೋಂದಣಿಯಾದ ಗಾಡಿಗಳಿಗೆ ಹೆಚ್ಚಿನ ತೆರಿಗೆ ಇಲ್ಲ. ಹೊಸದಾಗಿ ಕೊಳ್ಳುವವರಿಗೆ ಮಾತ್ರ.

ಭಾನುವಾರ ಗುಬ್ಬಿ ಸ್ಟ್ಯಾಂಡಿನಲ್ಲಿ ಸ್ಟೂಲಿನ ಮೇಲೆ ಕೂತು ಅದನ್ನು ಓದಿ ಅರ್ಥ ಹೇಳಿದೆ. ನನ್ನ ಯಾವ ಪಾಠವನ್ನೂ ಯಾವ ತರಗತಿಯೂ ಅಷ್ಟು ಗಮನದಿಂದ ಕೇಳಿದ್ದಿಲ್ಲ. "ಅಂದ್ರೆ ನಮ್ ಗಾಡಿಗೆ ಇಲ್ಲ?" ಎಂದು ಒಬ್ಬ ಕೇಳಿದ. ಇಲ್ಲ ಎಂದೆ. ಮತ್ತೊಬ್ಬ ಪ್ರಿಂಟು ಇಸಿದುಕೊಂಡು ತಿರುವಿ ನೋಡಿದ. ಸಿಟ್ಟು ಇಳಿಯುವುದಕ್ಕೂ ಸಮಯ ಬೇಕು. ಆಮೇಲೆ ಒಬ್ಬನಿಗೆ ಬಾಡಿಗೆ ನೆನಪಾಯಿತು, ಇನ್ನೊಬ್ಬನಿಗೆ ತಿಂಡಿ ನೆನಪಾಯಿತು. ರಾಜಣ್ಣ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, "ಹೊಸ ಗಾಡಿ ತಗಳ್ಳೋರು ದುಡ್ಡಿರೋರು ಬುಡಿ, ಕಟ್ಲಿ. ಸರ್ಕಾರನೂ ನಡೀಬೇಕಲ್ಲ" ಎಂದರು. ನಾನು ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದನ್ನೇ ಅವರು ನನಗಿಂತ ಚಿಕ್ಕದಾಗಿ ಹೇಳಿದ್ದರು. ಹತ್ತು ನಿಮಿಷದಲ್ಲಿ ಸ್ಟ್ಯಾಂಡ್ ಖಾಲಿ. ಗಾಡಿಯ ಹಿಂಭಾಗದಲ್ಲಿ ಅರ್ಜಿ ಮಾತ್ರ ಉಳಿದಿತ್ತು. ಮಂಜ ಅದನ್ನು ಎತ್ತಿ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡ. ಅವನ ಮುಖದಲ್ಲಿ ಸಮಾಧಾನವಿರಲಿಲ್ಲ.

"ನಿನ್ ಗಾಡಿಗೂ ಇಲ್ಲ ಕಣೋ, ಇನ್ನೂ ಯಾಕೆ ಹಿಂಗಿದೀಯ?" ಎಂದೆ.

"ಮನೆಗೆ ನಡಿ" ಎಂದ.

ಮನೆಯಲ್ಲಿ ಸುಜಾತ ರೊಟ್ಟಿ ತಟ್ಟುತ್ತಿದ್ದಳು. ಮಂಜ ವಿಷಯ ಹೇಳಿದ. ಅವಳು ಕೈ ನಿಲ್ಲಿಸಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಅಂದ್ರೆ ನಂಗೊಬ್ಳಿಗೇ ಅನ್ನಿ" ಎಂದಳು. ನನಗೆ ಅರ್ಥವಾಗಲಿಲ್ಲ. ಆಮೇಲೆ ಒಂದೊಂದಾಗಿ ಹೇಳಿದಳು. ಎರಡು ವರ್ಷದಿಂದ ಮಂಜನ ಗಾಡಿಯಲ್ಲೇ, ಮಾರ್ಕೆಟ್ ಯಾರ್ಡು ಖಾಲಿಯಿರುವ ಹೊತ್ತಿನಲ್ಲಿ, ಓಡಿಸುವುದು ಕಲಿತಿದ್ದಳು. ಲೈಸೆನ್ಸ್ ಮಾಡಿಸಿದ್ದಳು. ಸಿ.ಎಸ್. ಪುರದ ಕಡೆ ಅವಳ ತವರು. ಅಲ್ಲಿ ಹೂವು, ಸೊಪ್ಪು ಬೆಳೆಯುವ ಹೆಂಗಸರು ತಲೆ ಮೇಲೆ ಹೊತ್ತು ತಂದು ಬಸ್ಸಿಗೆ ಕಾಯುತ್ತಾರೆ, ಬಸ್ಸು ಬರುವುದರೊಳಗೆ ಹೂವು ಬಾಡುತ್ತದೆ. ಅವರ ಮಾಲನ್ನು ತುಮಕೂರಿನ ಮಾರ್ಕೆಟ್ಟಿಗೆ ತಾನೇ ಹಾಕಿಕೊಂಡು ಬರಬೇಕು ಎಂದು ಚೀಟಿ ಹಾಕಿ ಕೂಡಿಸಿದ್ದಳು. ಹೊಸ ಗಾಡಿಗೆ ಬೇಕಾದದ್ದು ಇನ್ನೇನು ಸೇರಿತು ಎನ್ನುವಾಗ ಮಸೂದೆ ಬಂತು. ಸ್ಟ್ಯಾಂಡಿನವರು ನಗುತ್ತಾರೆ ಎಂದು ಇಬ್ಬರೂ ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ. "ಹೇಳಿದ್ರೆ ನೀವು ಏನಾದ್ರೂ ಅಂತೀರಿ ಅಂತ ಅಕ್ಕ" ಎಂದಳು. ನನ್ನ ಅಭಿಪ್ರಾಯಗಳಿಗೆ ಹೆದರಿ ಜನ ನನ್ನಿಂದ ಸುದ್ದಿ ಮುಚ್ಚಿಡುತ್ತಾರೆ ಎಂಬುದು ನನಗೆ ಹೊಸ ಸುದ್ದಿ.

ಮಂಜ ಫೋನ್ ಎತ್ತದೇ ಇದ್ದದ್ದು ತನ್ನ ಗಾಡಿಗಾಗಿ ಅಲ್ಲ ಎಂದು ಆಗ ತಿಳಿಯಿತು. ಅವನು ಹೆಂಡತಿಯ ಪರವಾಗಿ ಮುನಿಸಿಕೊಂಡಿದ್ದ, ಕಾರಣ ಮಾತ್ರ ಬಾಯಿಬಿಡುವ ಹಾಗಿರಲಿಲ್ಲ. ನಾನು ಏನಾದರೂ ಸಮಾಧಾನದ ಮಾತು ಹೇಳಬೇಕೆಂದು ಬಾಯಿ ತೆರೆದೆ, ಅಪರೂಪಕ್ಕೆ ಮುಚ್ಚಿಕೊಂಡೆ. ಚೀಲದಿಂದ ಪ್ರಿಂಟು ತೆಗೆದು ಮತ್ತೆ ನೋಡತೊಡಗಿದೆ. ಜಾರಿಗೆ ಬರುವ ಮುಂಚೆ ನೋಂದಣಿಯಾದ ಗಾಡಿ ಎಂದಿದೆಯಲ್ಲ, ಜಾರಿಗೆ ಬರುವುದು ಯಾವತ್ತು? ಅದು ಎಲ್ಲಕ್ಕಿಂತ ಮೊದಲ ಸಾಲುಗಳಲ್ಲೇ ಇತ್ತು. ಸರ್ಕಾರ ಅಧಿಸೂಚನೆ ಹೊರಡಿಸಿ ಗೊತ್ತುಪಡಿಸುವ ದಿನದಂದು. ಅಧಿಸೂಚನೆ ಇನ್ನೂ ಬಂದಿರಲಿಲ್ಲ.

"ಸುಜಾತ, ಗಾಡಿ ಯಾವತ್ತು ತಗೋಬೇಕು ಅಂತಿದ್ದೆ?"

"ಹಬ್ಬ ಕಳೀಲಿ ಅಂತಿದ್ದೆ."

"ಹಬ್ಬಕ್ಕೆ ಕಾಯ್ಬೇಡ. ನಾಳೆ ಹೋಗಿ ಬುಕ್ ಮಾಡು. ಅಧಿಸೂಚನೆ ಬರೋದ್ರೊಳಗೆ ರಿಜಿಸ್ಟರ್ ಆಗ್ಬೇಕು."

ಅವಳು ಮಂಜನ ಮುಖ ನೋಡಿದಳು. ಮಂಜ ಜೇಬಿನಲ್ಲಿದ್ದ ಅರ್ಜಿ ತೆಗೆದು ಕೊಟ್ಟು, "ಇದ್ರ ಹಿಂದ್ಗಡೆ ಏನೇನ್ ಕಾಗದ ಬೇಕು ಅಂತ ಬರ್ಕೊಡಕ್ಕ" ಎಂದ. ಹದಿನೈದು ಸಹಿಗಳ ಬೆನ್ನಿನ ಮೇಲೆ ನಾನು ಪಟ್ಟಿ ಬರೆದೆ.

ಮುಂದಿನ ದಿನಗಳಲ್ಲಿ ನಾನು ಸ್ಕೂಲಿನ ಬಿಡುವಿನಲ್ಲಿ ಸರ್ಕಾರದ ಅಧಿಸೂಚನೆಗಳನ್ನು ನೋಡುತ್ತಿದ್ದೆ. ಮೈದಾನದಲ್ಲಿ ಮಕ್ಕಳು ಖೊಖೊ ಆಡುತ್ತಿದ್ದರೆ ನಾನು ಉಸಿರು ಬಿಗಿಹಿಡಿದು ಪುಟ ತೆರೆಯುತ್ತಿದ್ದೆ. ಸುಜಾತ ಆರ್.ಟಿ.ಒ ಆಫೀಸಿಗೆ ಮೂರು ಸಲ ಹೋಗಿಬಂದಳು. ಒಂದು ಸಲ ವಿಳಾಸದ ಚೀಟಿ ಸಾಲದು ಎಂದರು, ಇನ್ನೊಂದು ಸಲ ಸರ್ವರ್ ಇಲ್ಲ ಎಂದರು. ಮೂರನೇ ಸಲ ಫೋನ್ ಮಾಡಿ, ಯಾವ ಮುನ್ನುಡಿಯೂ ಇಲ್ಲದೆ ಗಾಡಿಯ ನಂಬರ್ ಹೇಳಿದಳು. ನಾನು ಕ್ಲಾಸಿನ ಬಾಗಿಲಲ್ಲಿ ನಿಂತು ಅದನ್ನು ಸೀಮೆಸುಣ್ಣದಲ್ಲಿ ಅಂಗೈಮೇಲೆ ಬರೆದುಕೊಂಡೆ. ಅಧಿಸೂಚನೆ ಬಂದದ್ದು ಅದಾದ ನಾಲ್ಕನೇ ದಿನ. ಈಗ ವಾರಕ್ಕೆ ಐದು ದಿನ ಸಿ.ಎಸ್. ಪುರದ ಕಡೆಯಿಂದ ಸೇವಂತಿಗೆ, ಕೊತ್ತಂಬರಿ ಹಾಕಿಕೊಂಡು ಅವಳು ತುಮಕೂರಿಗೆ ಬರುತ್ತಾಳೆ. ಮೊದಲ ವಾರ ಸ್ಟ್ಯಾಂಡಿನಲ್ಲಿ ಒಂದಿಬ್ಬರು ನಕ್ಕರಂತೆ. ಎರಡನೇ ವಾರ ರಾಜಣ್ಣನೇ ಬಂದು, ಈ ಕಡೆಯಿಂದ ಖಾಲಿ ಹೋಗೋ ಬದಲು ನಮ್ಮ ಹುಡುಗಿ ಮನೆಗೆ ಎರಡು ಮೂಟೆ ಹಾಕ್ಕೊಂಡು ಹೋಗ್ತೀಯೇನವ್ವ ಎಂದು ಕೇಳಿದರಂತೆ. ಮಂಜನ ಫೋನು ಮತ್ತೆ ಬರತೊಡಗಿದೆ. ತೆರಿಗೆಯನ್ನು ಬಹಿರಂಗವಾಗಿ ಸ್ವಾಗತಿಸಿ, ಅದು ಬಾಗಿಲಿಗೆ ಬರುವ ಮೊದಲೇ ನಾದಿನಿಯನ್ನು ಹಿತ್ತಲಿನಿಂದ ದಾಟಿಸಿದವಳು ನೀನು ಎಂದು ನನ್ನ ಗಂಡ ಹಂಗಿಸುತ್ತಾರೆ. ಕಾಯಿದೆಯ ಪ್ರಕಾರವೇ ದಾಟಿಸಿದ್ದೇನೆ, ಪರಂತುವಿನ ಕೆಳಗೆ ಹಾಗೇ ಬರೆದಿದೆ ಎನ್ನುತ್ತೇನೆ.

ಈ ಸುದ್ದಿ ಹೇಗೋ ಸ್ಟಾಫ್‌ರೂಮಿಗೂ ತಲುಪಿತು. ಇಡೀ ಮಸೂದೆ ಓದಿದ ಮೇಡಂ ಎಂದು ನನಗೆ ಸ್ವಲ್ಪ ಗೌರವ ಬಂತು. ಗೃಹಿಣಿ ಎಂಬ ಕಳಂಕ ತೊಳೆದುಹೋಯಿತು ಎಂದು ನಾನೂ ಬೀಗಿದೆ. ತಿಂಗಳ ಕೊನೆಯಲ್ಲಿ ಸ್ಕೂಲಿನ ಕ್ಲರ್ಕ್ ಸಂಬಳದ ಚೀಟಿಗಳನ್ನು ಹಂಚಿದರು. ವೃತ್ತಿ ತೆರಿಗೆ ಎಂಬಲ್ಲಿ ಎಲ್ಲರಿಗೂ ಹಿಂದಿನ ತಿಂಗಳಿಗಿಂತ ಹೆಚ್ಚು ಹಿಡಿದಿದ್ದರು. ಇದ್ಯಾಕೆ ಎಂದು ಕೇಳಿದೆ.

ಕ್ಲರ್ಕ್ ಆಶ್ಚರ್ಯದಿಂದ ನನ್ನನ್ನು ನೋಡಿದರು. "ಅದೇ ಬಿಲ್ಲು ಮೇಡಂ, ನೀವು ಓದಿದ್ರಲ್ಲ. ಮೊದಲನೇ ಭಾಗ ಲಗೇಜ್ ಗಾಡಿ, ಎರಡನೇ ಭಾಗ ಸಂಬಳದೋರು."

ನಾನು ಓದಿದ್ದು ಲಗೇಜ್ ಗಾಡಿಯವರೆಗೆ. ಬೇಕಾದದ್ದು ಸಿಕ್ಕಿದ ಕೂಡಲೇ ಪುಟ ಮಡಚಿ ಅವರೆಕಾಯಿ ಬಿಡಿಸಲು ಕೂತಿದ್ದೆ. ಹೆಡ್‌ಮಾಸ್ಟರು ತಮ್ಮ ಚೀಟಿಯ ಮೇಲಿಂದ ತಲೆಯೆತ್ತಿ, "ನಿಮಗೆ ಗೊತ್ತಿದ್ಮೇಲೆ ಮೊದಲೇ ಒಂದ್ ಮಾತು ಹೇಳ್ಬಾರ್ದಿತ್ತಾ ಮೇಡಂ? ಇದರ ಬಗ್ಗೆ ನಿಮ್ಮ ಅಭಿಪ್ರಾಯ ಏನು?" ಎಂದರು. ಸ್ಟಾಫ್‌ರೂಮಿನ ಒಂಬತ್ತು ಜೊತೆ ಕಣ್ಣು ನನ್ನ ಮೇಲಿತ್ತು. ಗಂಟೆ ಹೊಡೆಯಲು ಇನ್ನೂ ಆರು ನಿಮಿಷವಿದ್ದರೂ ನಾನು ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೊರಟೆ.